ದೊಡ್ಡವಳಿಗೆ ಗಂಡು

"ದೊಡ್ಡವಳಿಗೆ ಒಂದು ಗಂಡು ನೋಡ್ಬೇಕು," ಎಂದರು ಮೋಹಿನಿಯಕ್ಕ, ಕಾವಲಿಯಿಂದ ನೀರುದೋಸೆ ಎಬ್ಬಿಸುತ್ತ.

ಶುಕ್ರವಾರ, ರಜೆ. ಮಸ್ಕತ್ತಿನ ವಾದಿ ಕಬೀರಿನ ಆ ಫ್ಲ್ಯಾಟಿನಲ್ಲಿ ಐದು ಜನ ಒಟ್ಟಿಗೆ ಕೂತು ತಿಂಡಿ ತಿನ್ನುವುದು ವಾರದಲ್ಲಿ ಅದೊಂದೇ ಸಲ. ಮಗಳು ಯಶ್ಮಿತಾ ಫೋನಿನಿಂದ ತಲೆಯೆತ್ತಿದಳು. ಅವಳು ಇಂಡಿಯನ್ ಸ್ಕೂಲಿನಲ್ಲಿ ಟೀಚರ್. ವಯಸ್ಸು ಇಪ್ಪತ್ತೇಳು. ನೋಡಿಹೋದ ಗಂಡುಗಳ ಲೆಕ್ಕವನ್ನು ಅವಳು ಬಿಟ್ಟಿದ್ದಳು, ಅವಳ ಅಮ್ಮ ಬಿಟ್ಟಿರಲಿಲ್ಲ.

"ಪುನಃ ಶುರು ಮಾಡ್ಬೇಡಮ್ಮ. ಮೊನ್ನೆ ನೋಡಿಹೋದ ಸೊಹಾರಿನವರು ಇನ್ನೂ ಬೇಡ ಅಂತ ಹೇಳ್ಲಿಲ್ಲ."

"ನಿನ್ನ ಸುದ್ದಿ ಅಲ್ಲ ನಾನು ಹೇಳಿದ್ದು. ನಿನ್ನ ಅಕ್ಕಂದು."

ಚಟ್ನಿಯ ಪಾತ್ರೆ ಹಿಡಿದಿದ್ದ ಸೊಸೆ ತೃಪ್ತಿ ನಿಂತಲ್ಲೇ ನಿಂತಳು. ಆ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ನಾದಿನಿಗೊಬ್ಬಳು ಅಕ್ಕ ಇದ್ದಾಳೆಂದು ಅವಳಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಗಂಡ ವಿಶಾಲನ ಮುಖ ನೋಡಿದಳು. ಅವನು ದೋಸೆ ಮಡಚುವುದರಲ್ಲಿ ಮಗ್ನನಾಗಿದ್ದ.

ಇದ್ದಳು ಎನ್ನುವುದಕ್ಕಿಂತ ಹೋಗಿದ್ದಳು ಎನ್ನಬೇಕು. ವಿಶಾಲನ ನಂತರ, ಯಶ್ಮಿತಾಳಿಗೆ ಮೊದಲು, ಮೋಹಿನಿಯಕ್ಕ ಇದೇ ಮಸ್ಕತ್ತಿನಲ್ಲಿ ಹೆತ್ತ ಹೆಣ್ಣುಮಗು. ಬಾಣಂತನ ಮುಗಿಯುವ ಮೊದಲೇ ಜ್ವರ ಬಂದು ತೀರಿಕೊಂಡಿತ್ತು. ಮೂವತ್ತು ವರ್ಷ ಆ ಮಗುವಿನ ಸುದ್ದಿ ಯಾರೂ ಎತ್ತಿರಲಿಲ್ಲ. ಈಗ ಯಶ್ಮಿತಾಳ ಸಂಬಂಧಗಳು ಒಂದರ ಹಿಂದೊಂದು ಮುರಿದ ಮೇಲೆ, ಊರಿನ ಬಲಿಮೆ ನೋಡುವವರು ಫೋನಿನಲ್ಲೇ ಕವಡೆ ಹಾಕಿ, ದೊಡ್ಡವಳು ಬಾಗಿಲಿಗೆ ಅಡ್ಡ ನಿಂತಿದ್ದಾಳೆ, ಅವಳ ಮದುವೆಯಾಗದೆ ಚಿಕ್ಕವಳಿಗೆ ದಾರಿ ಬಿಡುವುದಿಲ್ಲ ಎಂದಿದ್ದರು. ತುಳುನಾಡಿನ ಸತ್ತ ಮಕ್ಕಳು ಸತ್ತು ಸುಮ್ಮನಿರುವವರಲ್ಲ. ಬದುಕಿದವರ ಜೊತೆಗೇ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಹೊತ್ತಿಗೆ ಸರಿಯಾಗಿ ಮದುವೆ ಮಾಡದಿದ್ದರೆ ಮುನಿಸಿಕೊಳ್ಳುತ್ತಾರೆ. ಅವರಿಗೆ ಸತ್ತವರಲ್ಲೇ ಜೋಡಿ ಹುಡುಕಬೇಕು. ಅದಕ್ಕೆ ಕುಲೆ ಮದುವೆ ಎನ್ನುತ್ತಾರೆ.

"ಈ ಮಸ್ಕತ್ತಿನಲ್ಲಿ ಸತ್ತ ಗಂಡು ಎಲ್ಲಿ ಸಿಗ್ತದೆ ಮಾರಾಯ್ತಿ?" ಎಂದರು ಮೋಹಿನಿಯಕ್ಕನ ಗಂಡ ಕೊಗ್ಗಣ್ಣ. ಅವರು ಗಾಡಿಗಳ ಬಿಡಿಭಾಗದ ಸ್ಟೋರಿನಲ್ಲಿ ದುಡಿದು ಮಂಡಿ ಸವೆಸಿಕೊಂಡ ಮನುಷ್ಯ. "ಬದುಕಿದ ಗಂಡೇ ಸಿಗುದಿಲ್ಲ."

"ನೀವು ತಮಾಷೆ ಮಾಡ್ಬೇಡಿ. ಊರಿಗೆ ಹೋಗ್ಲಿಕ್ಕೆ ನಿಮಗೆ ರಜೆ ಇಲ್ಲ. ಅವಳು ಹುಟ್ಟಿದ್ದೂ ಹೋದದ್ದೂ ಇಲ್ಲೇ. ಇಲ್ಲೇ ಮಾಡ್ಬಹುದು ಅಂತ ಬಲಿಮೆಯಲ್ಲೇ ಬಂದಿದೆ. ಆಟಿ ತಿಂಗಳು ದಾಟ್ಬಾರ್ದು."

"ಅಮ್ಮ, ದಿಸ್ ಈಸ್ ಟೂ ಮಚ್," ಎಂದಳು ಯಶ್ಮಿತಾ.

"ಟೂ ಮಚ್ ಆಗ್ಲಿ, ತ್ರೀ ಮಚ್ ಆಗ್ಲಿ. ನೀನು ದೋಸೆ ತಿನ್ನು."

ತೃಪ್ತಿ ಚಟ್ನಿ ಬಡಿಸಿದಳು. ಏಪ್ರಿಲಿನಲ್ಲಿ ಅವಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಹೆಣ್ಣುಮಗು ಒಂದು ರಾತ್ರಿ ಉಸಿರಾಡಿ ಹೋಗಿಬಿಟ್ಟಿತ್ತು. ಕೊಗ್ಗಣ್ಣ, ವಿಶಾಲ್ ಇಬ್ಬರೇ ಹೋಗಿ ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಗಂಜಿ ಉಂಡು ಮಲಗಿದ್ದರು. ಎರಡು ವಾರ ಕಳೆದು ತೃಪ್ತಿ ಅಲ್ ಖುವೈರಿನ ದಂತ ಕ್ಲಿನಿಕ್ಕಿನಲ್ಲಿ ಮತ್ತೆ ಲೆಕ್ಕ ಬರೆಯತೊಡಗಿದಳು. ಆ ಮಗುವಿನ ಸುದ್ದಿಯನ್ನೂ ಈ ಮನೆಯಲ್ಲಿ ಯಾರೂ ಎತ್ತಲಿಲ್ಲ. ಮೂವತ್ತು ವರ್ಷದ ಹಿಂದಿನ ಮಗುವಿಗೆ ಗಂಡು ನೋಡುವ ಮಾತು ಕೇಳಿ ಅವಳಿಗೆ ಬೇಸರದ ಜೊತೆಗೆ ಒಂದು ಸಣ್ಣ ಆಸೆಯೂ ಹುಟ್ಟಿತು. ಸತ್ತವರಿಗೆ ಈ ಮನೆಯಲ್ಲಿ ಇಷ್ಟು ಮರ್ಯಾದೆ ಇದ್ದರೆ ತನ್ನ ಮಗುವಿಗೂ ಒಂದು ಮೂಲೆ ಸಿಕ್ಕೀತು ಎಂದುಕೊಂಡಳು.

ಗಂಡು ಹುಡುಕುವ ಕೆಲಸ ವಾಟ್ಸಾಪಿನಲ್ಲಿ ನಡೆಯಿತು. ಮೋಹಿನಿಯಕ್ಕ ಸಂಜೆ ಟೀ ಕುಡಿಯುತ್ತ ಸ್ಪೀಕರಿನಲ್ಲಿಟ್ಟು ಮಾತಾಡುತ್ತಿದ್ದರು. ಒಬ್ಬ ಗಂಡು ಇವರದೇ ಬರಿಯವನಾಗಿಬಿಟ್ಟ. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ, ಒಂದೇ ಬರಿಯವರು ಅಣ್ಣ ತಂಗಿ ಲೆಕ್ಕ, ಸತ್ತರೂ ಮದುವೆ ಆಗುವಂತಿಲ್ಲ. ಇನ್ನೊಬ್ಬ ಬೈಕಿನಿಂದ ಬಿದ್ದು ಸತ್ತವನು.

"ಕುಡ್ದಿದ್ನಂತೆ," ಎಂದು ಮೋಹಿನಿಯಕ್ಕ ಫೋನು ಮುಚ್ಚಿ ಪಿಸುಗುಟ್ಟಿದರು. "ಬೇಡ. ಹುಡುಗಿಗೆ ಜೀವಮಾನ ಇಡೀ ಕಷ್ಟ."

ವಿಶಾಲನಿಗೆ ನಗು ತಡೆಯಲಾಗಲಿಲ್ಲ. ಅಮ್ಮ ಕಣ್ಣು ಬಿಟ್ಟರು. ನಕ್ಕವನು ಅವನೊಬ್ಬನೇ.

ಕೊನೆಗೆ ಸಂಬಂಧ ಸಿಕ್ಕಿದ್ದು ಅಲ್ ಖೌದಿನಲ್ಲಿ. ಯೂನಿವರ್ಸಿಟಿಯ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಅಂಗಾರಣ್ಣ, ಅವರ ಹೆಂಡತಿ ಗುಲಾಬಿಯಕ್ಕ. ಅವರ ಮೊದಲ ಮಗ ಅಕ್ಷಿತ್ ತೊದಲು ಮಾತಾಡುವ ಪ್ರಾಯದಲ್ಲಿ ಹೋಗಿದ್ದ. ಬರಿ ಬೇರೆ, ಪ್ರಾಯ ಎರಡು ವರ್ಷ ಹೆಚ್ಚು, ದುಶ್ಚಟ ಹತ್ತಲು ಸಮಯವೇ ಸಿಕ್ಕಿರಲಿಲ್ಲ. ಇದಕ್ಕಿಂತ ಒಳ್ಳೆಯ ಗಂಡು ಎಲ್ಲಿ ಸಿಗುತ್ತದೆ?

ಮುಂದಿನ ಶುಕ್ರವಾರ ಅವರು ಹೆಣ್ಣು ನೋಡಲು ಬಂದರು. ತೃಪ್ತಿ ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿದ್ದಳು. ಗೋಳಿಬಜೆ, ಶೀರಾ, ಕಾಫಿ. ಗುಲಾಬಿಯಕ್ಕ ಗೋಡೆಯ ಕಡೆಗೆ, ಕೊಗ್ಗಣ್ಣನ ಕಡೆಗೆ, ಕೊನೆಗೆ ಮೋಹಿನಿಯಕ್ಕನ ಕಡೆಗೆ ನೋಡಿ, "ಹುಡುಗಿ ಅಮ್ಮನ ಹಾಗೇ ಇದ್ದಿರ್ಬೇಕು, ಬೆಳ್ಳಗೆ," ಎಂದರು.

"ಹೌದು, ನನ್ನ ಹಾಗೇ," ಎಂದರು ಮೋಹಿನಿಯಕ್ಕ. ಅವರ ದನಿಯಲ್ಲಿ ಹೆಮ್ಮೆ ಇತ್ತು. ಆ ಮಗುವಿನ ಬಣ್ಣ ಹೇಗಿತ್ತೆಂದು ಅವರನ್ನು ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ನಮ್ಮವನು ಸ್ವಲ್ಪ ಹಟ. ಆದ್ರೆ ಮನಸ್ಸು ಬೆಣ್ಣೆ," ಎಂದರು ಗುಲಾಬಿಯಕ್ಕ. ಅಂಗಾರಣ್ಣ ಕೆಮ್ಮಿ ಮಾತು ಬದಲಿಸಿದರು.

"ಅದಿರ್ಲಿ. ಹುಡುಗಿಯ ಹೆಸರು ಎಂತ?"

ಹೆಸರೇ ಇಟ್ಟಿರಲಿಲ್ಲ. ಬಲಿಮೆಯವರನ್ನು ಕೇಳಿ, ಬರಿ ನೋಡಿ, ಪ್ರಾಯ ನೋಡಿ, ಎಲ್ಲ ಮಾಡಿದ ಈ ಮನೆಯವರಿಗೆ ಹುಡುಗಿಗೆ ಹೆಸರಿಲ್ಲವೆನ್ನುವುದೇ ಹೊಳೆದಿರಲಿಲ್ಲ. ಕೊಗ್ಗಣ್ಣ ಹೆಂಡತಿಯನ್ನು ನೋಡಿದರು. ಮೋಹಿನಿಯಕ್ಕನ ತುಟಿ ಎರಡು ಸಲ ಅಲುಗಿತು. ಬೀಗರ ಎದುರು ಹೆಸರಿಲ್ಲದ ಮಗಳನ್ನು ಹೇಗೆ ಕೊಡುವುದು?

"ಆಶಿತಾ," ಎಂದರು.

ಅಡುಗೆಮನೆಯಲ್ಲಿ ಗೋಳಿಬಜೆ ಎಣ್ಣೆಯಲ್ಲಿ ಕರಕಲಾಯಿತು.

ಬೀಗರು ಹೋದ ಮೇಲೆ ತೃಪ್ತಿ ಲೋಟಗಳನ್ನು ಸಿಂಕಿಗೆ ಹಾಕಿದ ರೀತಿಗೆ ಒಂದು ಲೋಟ ಒಡೆಯಿತು. ಕೋಣೆಗೆ ಬಂದು ಬಾಗಿಲು ಹಾಕಿದಳು. ವಿಶಾಲ್ ಮಂಚದ ಮೇಲೆ ಕೂತು ಕ್ರಿಕೆಟ್ ನೋಡುತ್ತಿದ್ದ.

"ನೀವು ಅಲ್ಲೇ ಕೂತಿದ್ರಿ ಅಲ್ವಾ? ಬಾಯಿ ಬಿಡ್ಲಿಕ್ಕೆ ಆಗ್ಲಿಲ್ವಾ?"

"ಹೊರಗಿನವರ ಎದುರು ಎಂತ ಹೇಳುದು? ಅಮ್ಮನ ಬಾಯಿಗೆ ಬಂತು, ಹೇಳಿದ್ರು."

"ಅವರ ಬಾಯಿಗೆ ಅದೇ ಹೆಸರು ಯಾಕೆ ಬರ್ಬೇಕು?"

"ನಾವಿಬ್ರು ಹಗಲಿಡೀ ನಿನ್ನ ಹೊಟ್ಟೆಗೆ ಆಶಿತಾ, ಆಶಿತಾ ಅಂತ ಕರೀತಾ ಇದ್ದೆವಲ್ಲ. ಕಿವಿಯಲ್ಲಿ ಕೂತಿರ್ಬೇಕು." ಅವನ ದನಿ ತಗ್ಗಿತು. "ಹೋಗ್ಲಿ ಬಿಡು ತೃಪ್ತಿ. ಮುಂದಿನದಕ್ಕೆ ಬೇರೆ ಹೆಸರು ಇಡುವ."

"ಮುಂದಿನದಾ?"

"ಮತ್ತೆ?"

ಅವನಿಗೂ ದುಃಖವಿತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವನ ದುಃಖಕ್ಕೆ ಊಟದ ಗಂಟೆ ಗೊತ್ತಿತ್ತು. ಅಮ್ಮ ಕರೆದಾಗ ಎದ್ದು ಹೋಗಿ ಬಂಗುಡೆ ಮೀನಿನ ಪುಳಿಮುಂಚಿ ಸಾರಿನಲ್ಲಿ ಅನ್ನ ಕಲಸಿ ಉಂಡ.

ಮರುದಿನದಿಂದ ತೃಪ್ತಿ ಅಡುಗೆಮನೆಗೆ ಕಾಲಿಡಲಿಲ್ಲ. ಬೆಳಿಗ್ಗೆ ತನ್ನೊಬ್ಬಳದೇ ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹರವಿ, ಕ್ಲಿನಿಕ್ಕಿಗೆ ಹೋಗಿ, ಸಂಜೆ ಬಂದು ಬಾಗಿಲು ಹಾಕಿಕೊಳ್ಳುವಳು. ಮೋಹಿನಿಯಕ್ಕ ಮೊದಲ ದಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು. ಎರಡನೆಯ ದಿನ ಸೊಂಟ ಹಿಡಿಯಿತು. ಮೂರನೆಯ ದಿನ ಕೊಗ್ಗಣ್ಣ ಕೆಲಸದಿಂದ ಬರುವಾಗ ಖುಬ್ಬೂಸ್ ರೊಟ್ಟಿ ಮತ್ತು ಸುಟ್ಟ ಕೋಳಿ ಕಟ್ಟಿಸಿಕೊಂಡು ಬಂದರು. ಯಾರ ಬಾಯಿಗೂ ರುಚಿ ಹತ್ತಲಿಲ್ಲ.

ಕೊಗ್ಗಣ್ಣ ಬಾಲ್ಕನಿಯಲ್ಲಿ ಸೊಸೆಯ ಹತ್ತಿರ ಬಂದು ನಿಂತರು. ಕೆಳಗೆ ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು.

"ಮಗಾ, ಉಪವಾಸ ಮಾಡಿ ಯಾರನ್ನು ಗೆಲ್ಲುದು?"

"ಉಪವಾಸ ಇಲ್ಲ ಮಾವ. ಕ್ಲಿನಿಕ್ಕಿನಲ್ಲಿ ಉಣ್ತೇನೆ."

"ಅವಳು ಬೇಕು ಅಂತ ಹೇಳಿದ್ದಲ್ಲ. ಬಾಯಿ ತಪ್ಪಿ ಬಂದದ್ದು."

"ಬಾಯಿ ತಪ್ಪಿ ಬಂದದ್ದಾದ್ರೆ ತಿದ್ಲಿಕ್ಕೆ ಆಗ್ತದಲ್ಲ?"

"ಹುಡುಗಿಯ ಹೆಸರು ಒಮ್ಮೆ ಹೇಳಿ ಆದ ಮೇಲೆ ತಿದ್ದಿದ್ರೆ ಬೀಗರು ಎಂತ ತಿಳ್ಕೊಳ್ತಾರೆ? ಖಲಾಸ್, ಸಂಬಂಧ ಹೋಯ್ತು." ಕೊಗ್ಗಣ್ಣ ಒಣಗಿದ ಬನಿಯನ್ ಒಂದನ್ನು ತಂತಿಯಿಂದ ತೆಗೆದು ಮಡಚಿದರು. "ನಾನು ಕೂಡ ಈ ಮನೆಯ ಬರಿ ಅಲ್ಲ ಮಗಾ. ಗಂಡ, ಅಪ್ಪ, ಎಲ್ಲ ಸರಿ. ಆದ್ರೆ ನಾಳೆ ನಾನು ಸತ್ರೆ ಆಟಿಯಲ್ಲಿ ನನಗೆ ಎಲೆ ಹಾಕಿ ಬಡಿಸುದು ನನ್ನ ಅಕ್ಕನ ಮನೆಯಲ್ಲಿ. ಇಲ್ಲಿ ನಾನು ಬಾಡಿಗೆ ಕೊಡುವ ಜನ, ಅಷ್ಟೇ. ಒಂದು ದಿನ ಅದಕ್ಕೆ ಬೇಜಾರ್ ಮಾಡ್ಲಿಲ್ಲ."

"ನಿಮಗೆ ಒಂದು ಎಲೆಯಾದ್ರೂ ಉಂಟಲ್ಲ ಮಾವ, ಎಲ್ಲಿಯಾದ್ರೂ."

ಕೊಗ್ಗಣ್ಣ ಮಡಚಿದ ಬನಿಯನನ್ನು ಬಿಡಿಸಿ ಮತ್ತೆ ಮಡಚಿದರು.

ಆ ಮಾತಿನಿಂದಲೇ ತೃಪ್ತಿಗೆ ದಾರಿಯೊಂದು ಕಂಡಿತು. ತುಳುವರ ಆಷಾಢವಾದ ಆಟಿಯಲ್ಲಿ ಮನೆಯ ಸತ್ತವರಿಗೆಲ್ಲ ಬಾಳೆಲೆ ಹಾಕಿ ಬಡಿಸುವ ಕ್ರಮವಿದೆ. ಹೆಸರು ಹೋದರೆ ಹೋಗಲಿ, ಎಲೆಯಾದರೂ ಸಿಗಲಿ ಎಂದು ಶನಿವಾರ ಬೆಳಿಗ್ಗೆ ಅಡುಗೆಮನೆಗೆ ಹೋದಳು. ಮೋಹಿನಿಯಕ್ಕ ಮೀನು ಕೊಯ್ಯುತ್ತಿದ್ದರು.

"ಮಾಮಿ, ಒಂದು ಮಾತು ಉಂಟು."

"ಹೇಳು. ಕೈಯಲ್ಲಿ ಮೀನುಂಟು, ಕಿವಿ ಖಾಲಿ ಉಂಟು."

"ಆ ಹೆಸರು ನನ್ನ ಮಗುವಿಂದು."

"ತೊಟ್ಟಿಲಿಗೆ ಹಾಕಿದ್ದೀರಾ? ಕಿವಿಯಲ್ಲಿ ಹೇಳಿದ್ದೀರಾ? ಸುಮ್ಮನೆ ಕರ್ದದ್ದೆಲ್ಲ ಹೆಸರಾಗುದಿಲ್ಲ."

"ನಿಮ್ಮ ಮಗಳನ್ನೂ ತೊಟ್ಟಿಲಿಗೆ ಹಾಕ್ಲಿಲ್ಲ."

ಮೋಹಿನಿಯಕ್ಕನ ಕೈ ನಿಂತಿತು. ಅವರು ಸೊಸೆಯನ್ನು ನೋಡಲಿಲ್ಲ, ನಲ್ಲಿಯನ್ನು ನೋಡಿದರು.

"ಹಾಕ್ಲಿಲ್ಲ. ಆಗ ರೂವಿಯಲ್ಲಿ ಎರಡು ಸಂಸಾರ ಒಂದು ರೂಮು, ನಡುವೆ ಒಂದು ಪರದೆ. ತೊಟ್ಟಿಲು ಎಲ್ಲಿ ಕಟ್ಟುದು? ಮಗು ಹೋದ ಮರುದಿನ ಆ ಕಡೆಯವರಿಗೂ ಸೇರಿಸಿ ನಾನೇ ಅನ್ನ ಮಾಡಿದ್ದೇನೆ. ಅಳ್ಲಿಕ್ಕೆ ಜಾಗ ಇರ್ಲಿಲ್ಲ. ನನ್ನನ್ನು ಯಾರು ಕೇಳಿದ್ರು?"

"ನಾನು ಕೇಳ್ತಿದ್ದೆ, ನೀವು ಹೇಳಿದ್ರೆ."

"ಹೇಳಿ ಎಂತ ಆಗ್ಲಿಕ್ಕುಂಟು?"

"ಹೆಸರು ನೀವೇ ಇಟ್ಕೊಳ್ಳಿ. ಎಲೆ ಹಾಕುವ ದಿನ ಅವಳಿಗೂ ಒಂದು ಎಲೆ ಹಾಕಿ ಮಾಮಿ. ಕಡೆಯಲ್ಲಿ ಹಾಕಿದ್ರೂ ಸಾಕು."

ಇದಕ್ಕೆ ಮೋಹಿನಿಯಕ್ಕ ತಿರುಗಿದರು. ಸಿಟ್ಟಿರಲಿಲ್ಲ. ಮಗ್ಗಿ ಒಪ್ಪಿಸುವವರ ಹಾಗೆ ಹೇಳಿದರು.

"ಅದು ಆಗುದಿಲ್ಲ. ಅವಳು ನಮ್ಮ ಬರಿ ಅಲ್ಲ, ನಿನ್ನ ಬರಿ. ನಿನ್ನ ತಾಯಿಮನೆಯಲ್ಲಿ ಹಾಕ್ಬೇಕು. ಇಲ್ಲಿ ಹಾಕಿದ್ರೆ ನಮ್ಮವರು ಮುಟ್ಟುದಿಲ್ಲ, ನಿಮ್ಮವರಿಗೆ ಸಿಟ್ಟು. ನಾನು ಮಾಡಿದ ಕಟ್ಟಳೆ ಅಲ್ಲ ಇದು."

"ಮತ್ತೆ ನನ್ನ ಬರಿಯ ಹೆಸರು ನಿಮಗೆ ಹೇಗೆ ಆಗ್ತದೆ?"

"ಹೆಸರಿಗೆ ಬರಿ ಇಲ್ಲ," ಎಂದರು ಮೋಹಿನಿಯಕ್ಕ, ಮತ್ತೆ ಮೀನಿಗೆ ಕೈ ಹಾಕಿದರು.

ತೃಪ್ತಿ ಕಾರ್ಕಳಕ್ಕೆ ಫೋನು ಮಾಡಿದಳು. ಅವಳ ತಾಯಿ ಎಲ್ಲ ಕೇಳಿ ನಿಟ್ಟುಸಿರು ಬಿಟ್ಟರು.

"ಇಲ್ಲಿ ನನ್ನ ಮಾತು ನಡೀತದಾ ಮಗಾ? ಎಲೆ ಹಾಕುದು ದೊಡ್ಡಮಾವ. ಅವರ ಹತ್ರ ಕೇಳಿದೆ ಅಂತ ಇಟ್ಕೋ. ಒಂದು ರಾತ್ರಿಯ ಮಗುವಿಗೆ ಎಂತದು ಎಲೆ, ಅದೂ ಕಡಲಾಚೆ ಸತ್ತದ್ದು, ಗಂಡನ ಮನೆಯವರೇ ನೋಡ್ಕೊಳ್ಳಲಿ ಅಂತಾರೆ."

"ಇವರು ನಿಮ್ಮ ಕಡೆ ತೋರಿಸ್ತಾರೆ, ನೀವು ಇವರ ಕಡೆ ತೋರಿಸ್ತೀರಿ. ಅವಳು ಎಲ್ಲಿಗೆ ಹೋಗ್ಬೇಕಮ್ಮ?"

"ಅಷ್ಟೆಲ್ಲ ತಲೆಗೆ ಹಚ್ಕೊಳ್ಬೇಡ. ಇನ್ನೊಂದು ಆಗ್ತದೆ. ಡಾಕ್ಟ್ರು ಕೊಟ್ಟ ಮಾತ್ರೆ ತಗೊಳ್ತಾ ಇದ್ದೀಯಾ?"

ಹಳಿಯುವುದಾದರೆ ಯಾರನ್ನು ಹಳಿಯಬೇಕು? ತಾಯಿ ಒಳ್ಳೆಯವಳೇ. ಅತ್ತೆಯೂ ಕೆಟ್ಟವಳಲ್ಲ. ಒಳ್ಳೆಯವರೆಲ್ಲ ಸೇರಿ ಒಂದು ಹಸುಗೂಸನ್ನು ಬಾಗಿಲಿನಿಂದ ಬಾಗಿಲಿಗೆ ಅಟ್ಟುತ್ತಿದ್ದರು. ನನ್ನನ್ನು ಕೇಳಿದರೆ ಕೆಟ್ಟವರೊಬ್ಬರು ಇದ್ದಿದ್ದರೆ ತೃಪ್ತಿಗೆ ಎಷ್ಟೋ ಅನುಕೂಲವಾಗುತ್ತಿತ್ತು, ಕೂಗಾಡಲು ಒಂದು ಮುಖವಾದರೂ ಸಿಗುತ್ತಿತ್ತು.

ಮದುವೆಯ ದಿನ ಗೊತ್ತಾಯಿತು. ಸೀರೆ ಬಂತು, ಕರಿಮಣಿ ಬಂತು. ಕೊಗ್ಗಣ್ಣ ಕೆಳಗಿನ ತರಕಾರಿ ಅಂಗಡಿಯ ಇಸುಬುವಿಗೆ ಬಾಳೆಲೆಗೂ ಮಲ್ಲಿಗೆಗೂ ಹೇಳಿ ಬಂದರು.

"ಮದುವೆಯಾ ಕೊಗ್ಗಣ್ಣ? ಯಶ್ಮಿತಾಳದ್ದಾ?" ಇಸುಬು ಖುಷಿಯಾದ.

"ಅಲ್ಲ. ದೊಡ್ಡವಳದ್ದು."

"ದೊಡ್ಡವಳು ಊರಲ್ಲಾ ಇರುದು? ನಾನು ಕಂಡೇ ಇಲ್ಲ."

"ನಾವು ಕಂಡದ್ದೂ ಕಡಿಮೆ," ಎಂದು ಕೊಗ್ಗಣ್ಣ ಚೀಲ ಎತ್ತಿಕೊಂಡರು. ಇಸುಬು ಮಲ್ಲಿಗೆಯ ಮೇಲೆ ಒಂದು ಚೆಂಡು ಹೆಚ್ಚಿಗೆ ತರಿಸುತ್ತೇನೆ, ನನ್ನ ಉಡುಗೊರೆ ಎಂದ.

ಒಂದು ಕೆಲಸ ಮಾತ್ರ ಬಾಕಿ ಉಳಿಯಿತು. ಮದುಮಗಳನ್ನು ಶೃಂಗಾರ ಮಾಡುವುದು, ಹೆಸರು ಹಿಡಿದು ಮೂರು ಸಲ ಕರೆದು ಧಾರೆಗೆ ತರುವುದು, ಆಮೇಲೆ ಗಂಡಿನ ತಾಯಿಯ ಕೈಗೆ ಒಪ್ಪಿಸುವುದು ಅತ್ತಿಗೆಯಾದವಳ ಕೆಲಸ. ಮನೆಯಲ್ಲಿದ್ದ ಅತ್ತಿಗೆ ಒಬ್ಬಳೇ. ಮೋಹಿನಿಯಕ್ಕ ಕೇಳಲಿಲ್ಲ. ವಿಶಾಲ್ ಕೇಳಿ ಬೈಸಿಕೊಂಡ. ಕಡೆಗೆ ಯಶ್ಮಿತಾ ಎರಡು ಲೋಟ ಚಹಾ ಹಿಡಿದು ತೃಪ್ತಿಯ ಕೋಣೆಗೆ ಬಂದಳು.

"ಅತ್ತಿಗೆ, ಐ ನೋ ಇಟ್ಸ್ ನಾಟ್ ಫೇರ್. ನನಗೆ ಇದ್ರಲ್ಲಿ ನಂಬಿಕೆ ಕೂಡ ಇಲ್ಲ."

"ಮತ್ತೆ?"

"ಸೊಹಾರಿನವರಿಗೆ ಉಂಟು. ಯಾರೋ ಅವರಿಗೆ ಅಕ್ಕನ ಸುದ್ದಿ ಹೇಳಿಯಾಗಿದೆ. ಇದು ಮುಗಿದ್ರೆ ನಿಶ್ಚಯ, ಇಲ್ಲದಿದ್ರೆ ಇಲ್ಲ ಅಂತೆ." ಅವಳು ಚಹಾ ಕುಡಿಯದೆ ಲೋಟ ತಿರುಗಿಸಿದಳು. "ಈ ಸಲದ್ದು ನನಗೆ ಇಷ್ಟ ಅತ್ತಿಗೆ. ಅವರು ಒಳ್ಳೆ ಜನ. ಈ ಮನೆಯಿಂದ ಒಮ್ಮೆ ಹೊರಗೆ ಹೋದ್ರೆ ಸಾಕಾಗಿದೆ ನನಗೆ."

ತೃಪ್ತಿ ಅವಳನ್ನು ನೋಡಿದಳು. ಆಸ್ಪತ್ರೆಯಿಂದ ಬಂದ ದಿನಗಳಲ್ಲಿ ಎದೆಹಾಲು ಕಟ್ಟಿ ಜ್ವರ ಬಂದಾಗ ಬಿಸಿನೀರಿನ ಬಟ್ಟೆ ಇಟ್ಟವಳು ಇವಳೊಬ್ಬಳೇ.

"ಮಾಡ್ತೇನೆ," ಎಂದಳು. "ನಿನಗೋಸ್ಕರ ಮಾತ್ರ."

ಆ ಸಂಜೆ ಅವಳು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಳು. ಮೋಹಿನಿಯಕ್ಕ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಮದುವೆಯ ದಿನ ಹೊರಗೆ ಬಿಸಿಲು ಉರಿಯುತ್ತಿತ್ತು. ಒಳಗೆ ಪರದೆ ಎಳೆದು ಎಸಿ ಹಾಕಿ ಹಾಲಿನ ಸೋಫಾ ಗೋಡೆಗೆ ಸರಿಸಿದ್ದರು. ಮದುವೆಯಾಗದವರು ಈ ಮದುವೆ ನೋಡಬಾರದು. ಆದ್ದರಿಂದ ಯಾರಿಗಾಗಿ ಇಷ್ಟೆಲ್ಲ ನಡೆಯುತ್ತಿತ್ತೋ ಆ ಯಶ್ಮಿತಾ ಬೆಳಿಗ್ಗೆಯೇ ಸ್ನೇಹಿತೆಯ ಮನೆಗೆ ಹೋಗಿದ್ದಳು. ಅಲ್ ಖೌದಿನಿಂದ ಎರಡು ಕಾರಿನಲ್ಲಿ ದಿಬ್ಬಣ ಬಂತು. ಮದುವೆಯ ಕ್ರಮ ಹೇಳಿಕೊಡುವ ಊರಿನ ಗುರಿಕಾರರು ವಿಡಿಯೋ ಕಾಲಿನಲ್ಲಿದ್ದರು. ಅವರನ್ನು ತಾಮ್ರದ ಚೊಂಬಿಗೆ ಒರಗಿಸಿ ನಿಲ್ಲಿಸಿದ್ದರು. ನಡುನಡುವೆ ನೆಟ್ ಹೋಗಿ ಗುರಿಕಾರರು ಬಾಯಿ ತೆರೆದ ಹಾಗೇ ನಿಂತುಬಿಡುತ್ತಿದ್ದರು.

ಎರಡು ಕುರ್ಚಿ. ಒಂದರ ಮೇಲೆ ಬಿಳಿ ಅಂಗಿ, ಪಂಚೆ, ಪೇಟ. ಇನ್ನೊಂದು ಇನ್ನೂ ಖಾಲಿ ಇತ್ತು. ಮದುಮಗಳು ಒಳಕೋಣೆಯಲ್ಲಿದ್ದಳು. ತೃಪ್ತಿ ಮಂಚದ ಮೇಲೆ ಕೆಂಪು ಸೀರೆಯನ್ನು ನೆರಿಗೆ ಹಿಡಿದು ಮಡಚಿದಳು. ಮೇಲೆ ರವಿಕೆ ಇಟ್ಟಳು, ಗಾಜಿನ ಬಳೆ ಇಟ್ಟಳು, ಮಲ್ಲಿಗೆ ಸುತ್ತಿದಳು. ಬಾಗಿಲಲ್ಲಿ ಮೋಹಿನಿಯಕ್ಕ ನಿಂತಿದ್ದರು.

"ಕಾಡಿಗೆ ಕೂಡ ಇಡು," ಎಂದರು. "ಅವಳ ಕಣ್ಣು ದೊಡ್ಡದಿತ್ತು."

ತೃಪ್ತಿ ಕಾಡಿಗೆಯ ಡಬ್ಬಿಯನ್ನೂ ಇಟ್ಟಳು.

"ಅತ್ತಿಗೆ ಕರೀಲಿ," ಎಂದರು ಹೊರಗೆ ಚೊಂಬಿಗೆ ಒರಗಿದ ಗುರಿಕಾರರು. "ಹೆಸರು ಹಿಡ್ದು ಮೂರು ಸಲ. ದೊಡ್ಡಕ್ಕೆ ಕರೀಬೇಕು, ಅವಳಿಗೆ ಕೇಳ್ಬೇಕು."

ತೃಪ್ತಿ ನಾದಿನಿಯ ಮದುವೆ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು. ಒಂದು ಕೆಲಸ, ಮಾಡಿ ಮುಗಿಸುವುದು ಎಂದುಕೊಂಡಿದ್ದಳು. ಬಾಯಿ ತೆರೆದಾಗ ಆ ಗಟ್ಟಿ ಉಳಿಯಲಿಲ್ಲ. ಏಪ್ರಿಲಿನಿಂದ ಆ ಹೆಸರನ್ನು ಅವಳು ಒಮ್ಮೆಯೂ ದನಿ ಬರುವ ಹಾಗೆ ಹೇಳಿರಲಿಲ್ಲ.

"ಆಶಿತಾ," ಎಂದಳು.

"ದೊಡ್ಡಕ್ಕೆ," ಎಂದರು ಗುರಿಕಾರರು.

"ಆಶಿತಾ, ಬಾ ಮಗಾ. ಆಶಿತಾ."

ಮಗಾ ಎಂದದ್ದು ಕ್ರಮದಲ್ಲಿರಲಿಲ್ಲ. ಯಾರೂ ತಪ್ಪು ಹಿಡಿಯಲಿಲ್ಲ. ಅವಳು ಸೀರೆಯನ್ನು ಎತ್ತಿಕೊಂಡು ಹೊರಗೆ ಬಂದು ಕುರ್ಚಿಯ ಮೇಲೆ ಇರಿಸಿದಳು. ಧಾರೆ ಎರೆದರು. ಕರಿಮಣಿಯನ್ನು ಸೀರೆಯ ಮೇಲಿಟ್ಟರು. ಅಂಗಾರಣ್ಣ ಅಂಗಿ ಪಂಚೆಯನ್ನೂ ತೃಪ್ತಿ ಸೀರೆಯನ್ನೂ ಹಿಡಿದು ದೀಪಕ್ಕೆ ಸುತ್ತು ಬಂದರು. ಮೋಹಿನಿಯಕ್ಕ ಅಕ್ಷತೆ ಹಾಕಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು, ಮೂವತ್ತು ವರ್ಷ ತಡವಾಗಿ. ಕೊಗ್ಗಣ್ಣ ಹೆಂಡತಿಯ ಬೆನ್ನಿಗೆ ಕೈ ಇಟ್ಟರು. ಕೋಳಿ ಸುಕ್ಕ, ಕಡ್ಲೆ, ಪಾಯಸ ಎಲ್ಲ ಬಡಿಸಿ, ಮೊದಲು ಮದುಮಕ್ಕಳಿಗೆ ಎಲೆ ಹಾಕಿ, ಆಮೇಲೆ ಎಲ್ಲರೂ ಉಂಡರು. ಅಡುಗೆ ಚೆನ್ನಾಗಿತ್ತು ಎಂದರು.

ಹೆಣ್ಣು ಒಪ್ಪಿಸುವ ಹೊತ್ತಾಯಿತು. ಗುಲಾಬಿಯಕ್ಕ ಲಿಫ್ಟಿನ ಎದುರು ಸೆರಗು ಒಡ್ಡಿ ನಿಂತರು. ತೃಪ್ತಿ ಸೀರೆಯ ಗಂಟನ್ನು ಎದೆಗೆ ಹಿಡಿದುಕೊಂಡು ಬಂದಳು, ಕೊಡಲು ನೋಡಿದಳು, ಕೈ ಮುಂದೆ ಹೋಗಲಿಲ್ಲ.

"ಕೊಡು ಮಗಾ," ಎಂದರು ಗುಲಾಬಿಯಕ್ಕ. "ನಮ್ಮ ಮನೆಯಲ್ಲಿ ಅವಳಿಗೆ ಎಂತದೂ ಕಡಿಮೆ ಆಗ್ಲಿಕ್ಕಿಲ್ಲ. ವರ್ಷ ವರ್ಷ ಎಲೆ ಹಾಕ್ತೇವೆ."

"ಹೌದಾ? ಹಾಕ್ತೀರಾ?"

"ಮತ್ತೆ? ಸೊಸೆ ಅಲ್ವಾ! ಕುಲೆ ಮದುವೆಯಾಗಿ ಬಂದವಳಿಗೆ ಗಂಡನ ಜೊತೆಗೇ ಎಲೆ."

ತೃಪ್ತಿ ಕೊಟ್ಟಳು. ಕೊಟ್ಟ ಮೇಲೆ ಅವಳಿಗೆ ಅಳು ತಡೆಯಲಿಲ್ಲ. ಗೋಡೆ ಹಿಡಿದು, ಬಾಯಿ ತೆರೆದು, ನೆರೆಯ ಫ್ಲ್ಯಾಟಿನವರು ಬಾಗಿಲು ತೆರೆದು ನೋಡುವಷ್ಟು ಅತ್ತಳು. ವಿಶಾಲ್ ಅವಳ ತೋಳು ಹಿಡಿದ, ಅವಳು ಕೊಡವಿದಳು.

ಗುಲಾಬಿಯಕ್ಕನ ಕಣ್ಣೂ ತುಂಬಿತು. "ಕಾಣದ ನಾದಿನಿಗೆ ಹೀಗೆ ಅಳುವ ಅತ್ತಿಗೆ ಎಲ್ಲಿ ಸಿಗ್ತಾಳೆ? ಪುಣ್ಯ ಮಾಡಿದ್ದೀರಿ ಮೋಹಿನಿಯಕ್ಕ."

ಮೋಹಿನಿಯಕ್ಕ ನೆಲ ನೋಡಿದರು. "ನಮ್ಮ ಹುಡುಗಿ ಅಲ್ವಾ," ಎಂದರು. ಸೊಸೆಯನ್ನು ಅವರು ಹಾಗೆ ಕರೆದದ್ದು ಅದೇ ಮೊದಲು.

ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಬೀಗರು ಇಳಿದುಹೋಗುವ ಸದ್ದು ಕೇಳುತ್ತಿದ್ದಂತೆ ತೃಪ್ತಿ ಬಾಗಿಲಿಗೆ ಎರಡೂ ಕೈ ಬಡಿದು ಕೂಗಿದಳು.

"ಆಶಿತಾ!"

ಮೋಹಿನಿಯಕ್ಕ ಬೆಚ್ಚಿ ಅವಳ ಬಾಯಿಗೆ ಕೈ ಅಡ್ಡ ಹಿಡಿದರು. "ಬಿಡು, ಬಿಡು! ಹೋಗುವವರನ್ನು ಹಿಂದಿನಿಂದ ಕರೀಬಾರ್ದು. ಕರ್ದ್ರೆ ತಿರುಗಿ ಬರ್ತಾರೆ."

ತೃಪ್ತಿ ಆ ಕೈಯನ್ನು ಮೆಲ್ಲಗೆ ಸರಿಸಿದಳು.

"ಬರ್ಲಿ ಮಾಮಿ," ಎಂದಳು.